ಬೆನ್ನಿನ ಗೆರೆಗಳು

ಬಚ್ಚಲಿನ ತೊಟ್ಟಿಯಲ್ಲಿ ನೆನೆಹಾಕಿದ ಬೆತ್ತದ ಸುರುಳಿಯನ್ನು ಎತ್ತಿ ಪಕ್ಕಕ್ಕಿಡದೆ ಆ ಮನೆಯಲ್ಲಿ ಯಾರೂ ಸ್ನಾನ ಮಾಡುವ ಹಾಗಿರಲಿಲ್ಲ. ಅವತ್ತು ಬೆಳಿಗ್ಗೆಯೂ ಹುಡುಗ ಏನೋ ಗೊಣಗಿಕೊಳ್ಳುತ್ತಲೇ ತೊಟ್ಟಿಗೆ ಬಗ್ಗಿದ. ಬಗ್ಗಿದಾಗ ಅಂಗಿ ಮೇಲೆ ಸರಿಯಿತು. ಈಚೆಗೆ ಅವನ ಯಾವ ಅಂಗಿಯೂ ಸೊಂಟ ದಾಟುತ್ತಿರಲಿಲ್ಲ. ಪ್ಯಾಂಟುಗಳೆಲ್ಲ ಕಣಕಾಲಿನ ಮೇಲೆಯೇ ನಿಂತು ನಗೆಪಾಟಲಾಗಿದ್ದವು. ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಕುರ್ಚಿಯವನ ಕಣ್ಣಿಗೆ ಆ ಬೆನ್ನು ಬಿತ್ತು. ಸೊಂಟದಿಂದ ಸ್ವಲ್ಪ ಮೇಲೆ, ಬೆನ್ನೆಲುಬಿಗೆ ಅಡ್ಡವಾಗಿ, ಒಂದರ ಕೆಳಗೊಂದು ಗೆರೆಗಳು. ನೇರಳೆಗೆ ತಿರುಗುತ್ತಿದ್ದ ಕೆಂಪು. ಹುಡುಗ ಸುರುಳಿಯನ್ನು ಮೂಲೆಗೆ ಒರಗಿಸಿ ಬಾಗಿಲು ಹಾಕಿಕೊಂಡ. ಕುರ್ಚಿಯವನು ಬಾಯಲ್ಲಿದ್ದ ನೊರೆಯನ್ನು ಉಗಿಯುವುದು ಮರೆತು ನುಂಗಿಬಿಟ್ಟ.

ಯಾರೋ ಹೊಡೆದಿದ್ದಾರೆ. ಇದನ್ನು ಅವನು ಯೋಚಿಸಿ ಕಂಡುಕೊಳ್ಳಬೇಕಾಗಲಿಲ್ಲ. ಇಂಥ ಗೆರೆಗಳ ವಿಷಯದಲ್ಲಿ ಅವನಿಗೆ ಬೇಡವೆಂದರೂ ಪಾಂಡಿತ್ಯವಿತ್ತು. ಬೆತ್ತದ ಕುರ್ಚಿ ಹೆಣೆಯುವುದು, ಹರಿದ ಸೀಟುಗಳಿಗೆ ಮತ್ತೆ ಹೆಣಿಗೆ ಹಾಕಿಕೊಡುವುದು ಅವನ ಕೆಲಸ; ಬೀದಿಯವರಿಗೆಲ್ಲ ಅವನು ಕುರ್ಚಿಯವನು. ಅಪ್ಪನದೂ ಅದೇ ಕಸುಬು. ಕುರ್ಚಿಗೆ ಬರದ ತುಂಡು ಇವನ ಬೆನ್ನಿಗೆ ಬರುತ್ತೆ ಎಂದು ಅಪ್ಪ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ, ನಗದಿದ್ದರೆ ರಾತ್ರಿ ಅದಕ್ಕೊಂದು ಲೆಕ್ಕವಿರುತ್ತಿತ್ತು. ಈಗ ಅಪ್ಪ ಸತ್ತು ಎಷ್ಟೋ ಕಾಲವಾಗಿದೆ. ಆದರೂ ಬಚ್ಚಲಿನ ಬಾಗಿಲ ಹಿಂದೆ ನೀರು ಸುರಿಯುವ ಸದ್ದು ಕೇಳಿಸುತ್ತಿದ್ದ ಹಾಗೆ ಅವನು ತನ್ನ ಅಂಗಿಯ ಅಂಚನ್ನು ಕೆಳಗೆ ಎಳೆದುಕೊಂಡ. ಈ ಮನೆಯಲ್ಲಿ ಅಕ್ಕಿ ಮುಗಿದೀತು, ಸೋಪು ಮುಗಿದೀತು, ಬೆತ್ತ ಮಾತ್ರ ಮುಗಿಯುವುದಿಲ್ಲ. ಮಂಚದ ಕೆಳಗೆ ಬೆತ್ತ, ಬಾಗಿಲ ಸಂದಿಯಲ್ಲಿ ಬೆತ್ತ, ಬಟ್ಟೆ ಒಣಗಿಸುವುದಕ್ಕೂ ಬೆತ್ತ.

ಹುಡುಗ ಅವನ ಮಗನಲ್ಲ, ಹೆಂಡತಿಯ ಮಗ. ಅವಳ ಮೊದಲ ಗಂಡ ತೀರಿಕೊಂಡು, ಹುಡುಗ ಹೈಸ್ಕೂಲಿಗೆ ಸೇರುವ ಹೊತ್ತಿಗೆ ಕುರ್ಚಿಯವನು ಈ ಮನೆಗೆ ತನ್ನ ಉಳಿ, ಸುತ್ತಿಗೆ, ಬೆತ್ತದ ಹೊರೆಗಳ ಸಮೇತ ಬಂದಿದ್ದ. ಮದುವೆಗೆ ಮುಂಚೆ ಅವಳು ಕೇಳಿದ್ದು ಒಂದೇ ಮಾತು. "ನನಗೆ ಏನು ಬೇಕಾದ್ರೂ ಅನ್ನಿ. ನನ್ನ ಮಗನ ಮೇಲೆ ಮಾತ್ರ ಕೈ ಮಾಡಬಾರದು." ಅವನು ತಲೆಯಾಡಿಸಿದ್ದ. ಕೊಟ್ಟ ಮಾತನ್ನು ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಉಳಿಸಿಕೊಂಡಿದ್ದ ಕೂಡ: ಹೊಡೆಯುವುದಿರಲಿ, ಹುಡುಗನನ್ನು ಮುಟ್ಟಿಯೇ ಇರಲಿಲ್ಲ. ಜ್ವರ ಬಂದಾಗ ಹಣೆ ಮುಟ್ಟಿರಲಿಲ್ಲ, ರಸ್ತೆ ದಾಟುವಾಗ ಕೈ ಹಿಡಿದಿರಲಿಲ್ಲ, ಊಟದ ತಟ್ಟೆಯನ್ನು ಕೂಡ ಮೇಜಿನ ಮೇಲಿಟ್ಟು ದೂಡುತ್ತಿದ್ದ. ಮುಟ್ಟುವುದಕ್ಕೆ ಶುರುಮಾಡಿದ ಕೈ ಎಲ್ಲಿ ನಿಲ್ಲುತ್ತದೋ ಯಾರಿಗೆ ಗೊತ್ತು. ಹುಡುಗ ಇದನ್ನು ಹೇಗೆ ತೆಗೆದುಕೊಂಡಿದ್ದನೋ. ಅವನಂತೂ ಇವನನ್ನು ಅಪ್ಪ ಎಂದಾಗಲಿ ಬೇರೆ ಏನೆಂದಾಗಲಿ ಕರೆಯುತ್ತಿರಲಿಲ್ಲ. ಕರೆಯಬೇಕಾದಾಗ ಹತ್ತಿರ ಬಂದು ಕೆಮ್ಮುತ್ತಿದ್ದ.

ಹಾಗಾದರೆ ಹೊಡೆದವರು ಯಾರು? ಹೆಂಡತಿ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದಳು. ಬಸ್ ನಿಲ್ದಾಣದಲ್ಲಿ ಪಾಸ್ ಕೊಡುವ ಕೌಂಟರಿನಲ್ಲಿ ಅವಳಿಗೆ ಕೆಲಸ; ಸಂದಿಯಷ್ಟು ಕಿಟಕಿಯ ಹಿಂದೆ ಕೂತು ದಿನವಿಡೀ ಜನರ ಬಾಯಿಗೆ ಬಾಯಿ ಕೊಟ್ಟು ಬರುತ್ತಿದ್ದಳು. ಬಂದ ಮೇಲೆ ಅವಳ ಸಿಟ್ಟಿಗೆ ಸಣ್ಣ ಕಾರಣ ಸಾಕಾಗುತ್ತಿತ್ತು. ಕಳೆದ ಶನಿವಾರ ಹುಡುಗನ ಗಣಿತದ ಅಂಕಗಳು ಗೊತ್ತಾದ ಸಂಜೆ, ಕುರ್ಚಿಯವನು ಅಂಗಳದಲ್ಲಿ ಸೀಟು ಹೆಣೆಯುತ್ತಿದ್ದಾಗ ಒಳಗೆ ಏನೋ ಪಟಪಟ ಸದ್ದಾಗಿತ್ತು. ಅವನು ಒಳಗೆ ಹೋದಾಗ ಅವಳು ಹುಡುಗನ ಕೋಣೆಯಿಂದ ಹೊರಗೆ ಬರುತ್ತಿದ್ದಳು. ಏದುಸಿರು ಬಿಡುತ್ತಿದ್ದಳು, ಕೈಯಲ್ಲಿ ಬೆತ್ತದ ತುಂಡಿತ್ತು. ಏನು ಎಂದು ಕೇಳಿದ್ದಕ್ಕೆ "ಜಿರಳೆ" ಅಂದಿದ್ದಳು. ಅವನು ನಂಬಿದ್ದ. ಈಗ ಆ ಒಂದು ಪದವನ್ನು ತಿರುಗಿಸಿ ಮುರುಗಿಸಿ ನೋಡಿದ, ಅದರೊಳಗೆ ಜಿರಳೆ ಎಲ್ಲೂ ಕಾಣಲಿಲ್ಲ. ಹೊಡೆದವರು ಯಾವಾಗಲೂ ಇಂಥ ಚಿಕ್ಕ ಉತ್ತರವನ್ನೇ ಕೊಡುತ್ತಾರೆ. ಹೊಡೆಸಿಕೊಂಡವರೂ ಅಷ್ಟೇ.

ಹುಡುಗ ಸ್ಕೂಲಿಗೆ ಹೋದ. ಹೋಗುವಾಗ ಚೀಲವನ್ನು ಬೆನ್ನಿಗೇರಿಸಿಕೊಂಡದ್ದನ್ನು ಕುರ್ಚಿಯವನು ಕಿಟಕಿಯಿಂದ ನೋಡಿದ. ನೋವಿನಿಂದ ಮುಖ ಕಿವುಚುತ್ತಾನೋ ಎಂದು ಕಾದ. ಕಿವುಚಲಿಲ್ಲ. ಅದೂ ಅವನಿಗೆ ಗೊತ್ತಿದ್ದದ್ದೇ. ನೋವು ತೋರಿಸದ ಹಾಗೆ ಚೀಲ ಏರಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕು.

ಸ್ಕೂಲಿನಿಂದ ಫೋನು ಬಂದಾಗ ಅವನು ಸೀಟಿನ ಆರನೆಯ ಹೆಣಿಗೆಯಲ್ಲಿದ್ದ. ಹೆಡ್ ಮೇಡಂ ಕರೀತಿದ್ದಾರೆ, ಕೂಡಲೇ ಬರಬೇಕಂತೆ ಅಂದರು ಆಫೀಸಿನವರು, ವಿಷಯ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೆಂಡತಿಗೆ ಫೋನು ಮಾಡಿದ. ಕೌಂಟರಿನಲ್ಲಿ ಕೂತಾಗ ಅವಳು ಎತ್ತುವುದಿಲ್ಲ. ಅಂಗಿ ಬದಲಾಯಿಸಿ ಹೊರಟ. ದಾರಿಯಲ್ಲಿ ಎದುರು ಬಂದ ಪರಿಚಯದ ಗಿರಾಕಿಯೊಬ್ಬರು "ನನ್ನ ಆರಾಮ ಕುರ್ಚಿ ಯಾವಾಗಪ್ಪ?" ಎಂದು ಕೇಳಿದರು. ಅವನಿಗೆ ಅವರು ಬೇರೇನೋ ಕೇಳಿದ ಹಾಗೆ ಅನಿಸಿ "ನಾನಲ್ಲ" ಎಂದುಬಿಟ್ಟ. ಅವರು ನಿಂತು ನೋಡಿದರು. ಅವನು ನಿಲ್ಲಲಿಲ್ಲ.

ಹೆಡ್ ಮೇಡಂ ಕೋಣೆಯಲ್ಲಿ ಮೇಡಂ, ಪಿ.ಟಿ. ಮೇಷ್ಟ್ರು ಇಬ್ಬರೂ ಇದ್ದರು. ಹುಡುಗನನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಅವನ ಮೊಣಕಾಲುಗಳು ಬೆಂಚಿಗಿಂತ ಮೇಲೆ ಬಂದಿದ್ದವು. ಆಟದ ಅವಧಿಯಲ್ಲಿ ಹುಡುಗರು ಅಂಗಿ ಬದಲಾಯಿಸುವಾಗ ಮೇಷ್ಟ್ರು ನೋಡಿದರಂತೆ. ಮೇಷ್ಟ್ರು ಅದನ್ನು ಹೇಳುವಾಗ ಕುರ್ಚಿಯವನ ಮುಖ ನೋಡಲಿಲ್ಲ, ಕೈ ನೋಡಿದರು. ಬೆತ್ತ ಸೀಳಿ ಸೀಳಿ ಕಾಯಿಗಟ್ಟಿದ, ಬೆರಳ ತುದಿಗಳೆಲ್ಲ ಕೊಯ್ದುಕೊಂಡ ಕೈಗಳು. ಅವನು ಅವನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡ, ಅದು ಬಚ್ಚಿಟ್ಟ ಹಾಗೆ ಕಂಡೀತೆಂದು ಮತ್ತೆ ಬಿಡಿಸಿದ. ಮೇಡಂ ಕೂತಿದ್ದದ್ದು ಬೆತ್ತದ ಕುರ್ಚಿ. ಸೀಟಿನ ಒಂದು ಮೂಲೆ ಹರಿದು ಜೋತಿತ್ತು. ಇಂಥ ಹೊತ್ತಿನಲ್ಲೂ ಆ ಮೂಲೆ ತನ್ನ ಕಣ್ಣಿಗೆ ಬೀಳುತ್ತದಲ್ಲ ಎಂದು ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

"ನಿಮ್ಮ ಕೆಲಸ ಏನು?" ಅಂದರು ಮೇಡಂ.

"ಬೆತ್ತದ ಕೆಲಸ, ಮೇಡಂ."

ಮೇಡಂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಯಾರು ಹೊಡೆದದ್ದು ಅಂತ ಅವನನ್ನ ಎಷ್ಟು ಸಲ ಕೇಳಿದ್ರೂ ಒಂದೇ ಉತ್ತರ," ಅಂದರು ಮೇಡಂ. "ಯಾರೂ ಇಲ್ಲ ಅಂತಾನೆ. ಬೆನ್ನಲ್ಲಿ ಹಾಗಿದೆ ಅನ್ನೋದೇ ಗೊತ್ತಿರಲಿಲ್ಲ ಅಂತಾನೆ. ಮಕ್ಕಳು ಹೀಗೆ ಹೇಳೋದು ಯಾಕೆ ಅಂತ ನಮಗೂ ಗೊತ್ತು. ಮನೇಲಿ ಯಾರು ಯಾರು ಇರ್ತೀರಾ?"

ಯಾರೂ ಇಲ್ಲ. ಹುಡುಗನ ಆ ಉತ್ತರದಲ್ಲೇ ಕುರ್ಚಿಯವನು ನಿಂತುಬಿಟ್ಟಿದ್ದ. ಅವನೂ ಒಂದು ಸಲ ಇಂಥದೇ ಒಂದು ಕೋಣೆಯಲ್ಲಿ, ಇಷ್ಟೇ ಒಳ್ಳೆಯವರಾದ ಒಬ್ಬ ಟೀಚರಿಗೆ ಅದೇ ಎರಡು ಪದ ಹೇಳಿದ್ದ. ಟೀಚರು ಅವನ ತಲೆ ಸವರಿ, ಸರಿ ಹೋಗು ಎಂದು ಕಳಿಸಿದ್ದರು. ಅವರು ನಂಬಿದ್ದರು, ಅಥವಾ ನಂಬುವುದು ಸುಲಭವಾಗಿತ್ತು. ಅವತ್ತು ಅವರು ನಂಬದೇ ಇದ್ದಿದ್ದರೆ ಎಂದು ಅವನು ಎಷ್ಟೋ ಸಲ ಯೋಚಿಸಿದ್ದುಂಟು. ಆದ್ದರಿಂದ ಲೋಕದಲ್ಲಿ ಬೇರೆ ಯಾರು ನಂಬಿದರೂ ಅವನಂತೂ ಹುಡುಗನ ಮಾತನ್ನು ನಂಬುವವನಲ್ಲ. ಹುಡುಗ ತಾಯಿಯನ್ನು ಕಾಪಾಡುತ್ತಿದ್ದಾನೆ. ಇನ್ನು ಮೇಡಂ ಅವಳನ್ನು ಕರೆಸುತ್ತಾರೆ. ಕಿಟಕಿಯ ಹಿಂದೆ ಕೂತು ಜನರಿಗೆ ಎದುರುತ್ತರ ಕೊಡುವವಳು ಇಲ್ಲಿ ಬಂದು ಏನು ಹೇಳುತ್ತಾಳೆ? ಜಿರಳೆ ಅನ್ನುತ್ತಾಳೆಯೇ? ಹುಡುಗನಿಗೆ ಇರುವವಳು ಅವಳೊಬ್ಬಳು. ತಾನಾದರೆ ಹೇಗೂ ಹೊರಗಿನವನು, ಬೆತ್ತದ ಹೊರೆಯ ಜೊತೆಗೆ ಬಂದವನು, ಹೋದರೆ ಬಚ್ಚಲಲ್ಲಿ ಜಾಗವಾಗುತ್ತದೆ.

"ನಾನೇ," ಅಂದ.

"ಏನು?"

"ಹೊಡೆದದ್ದು ನಾನೇ, ಮೇಡಂ."

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಮೇಡಂ ಯಾವುದರಲ್ಲಿ ಎಂದು ಕೇಳಿದರು. ಅವನ ಬಾಯಿಂದ ಮಾತು ತಾನಾಗಿ ಬಂತು. "ನೆನೆಸಿಟ್ಟ ಬೆತ್ತದಲ್ಲಿ. ಒಣಗಿದ್ದು ಸಿಡಿದು ಹೋಗುತ್ತೆ, ಒದ್ದೆ ಆದ್ರೆ ಬಳುಕುತ್ತೆ. ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದೆ. ಅಂಗಿ ಎತ್ತಿ ಹಿಡ್ಕೋ ಅಂದಿದ್ದೆ, ಬಟ್ಟೆ ಹಾಳಾಗಬಾರದು ಅಂತ. ಕೂಗಿದ್ರೆ ಮೊದಲಿನಿಂದ ಶುರು ಅಂತ ಹೇಳಿದ್ದೆ." ಪಿ.ಟಿ. ಮೇಷ್ಟ್ರು ಎದ್ದು ನಿಂತಿದ್ದರು. ಕುರ್ಚಿಯವನು ತಲೆಯೆತ್ತಿದಾಗ ಬಾಗಿಲಲ್ಲಿ ಹುಡುಗ ನಿಂತಿದ್ದ. ಬೆಂಚಿನಿಂದ ಯಾವಾಗ ಎದ್ದು ಬಂದಿದ್ದನೋ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಅದು ಬರೀ ಆಶ್ಚರ್ಯವೆಂದು ಕುರ್ಚಿಯವನಿಗೆ ಆಗ ತಿಳಿಯಲಿಲ್ಲ. ನಿನ್ನ ತಾಯಿಯನ್ನು ಉಳಿಸಿದೆ ಕಣೋ ಎಂದು ಕಣ್ಣಿನಲ್ಲೇ ಹೇಳಲು ನೋಡಿದ. ಹುಡುಗ ಒಂದು ಹೆಜ್ಜೆ ಹಿಂದೆ ಸರಿದ.

ಮಕ್ಕಳ ರಕ್ಷಣೆಯವರಿಗೆ ತಿಳಿಸಲೇಬೇಕಾಗುತ್ತದೆ ಎಂದರು ಮೇಡಂ. ಅದಕ್ಕೆ ಮುಂಚೆ ಡಾಕ್ಟರು ನೋಡಿ ಬರೆದುಕೊಡಬೇಕು. ಹತ್ತಿರದಲ್ಲೇ ಮಕ್ಕಳ ಡಾಕ್ಟರಮ್ಮ ಇದ್ದರು. ಮೇಷ್ಟ್ರು ಹುಡುಗನನ್ನು ತಮ್ಮ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಕುರ್ಚಿಯವನಿಗೆ ನಡೆದು ಬರಲು ಹೇಳಿದರು. ತಪ್ಪಿಸಿಕೊಂಡು ಹೋಗಬಹುದೆಂದು ಯಾರಿಗೂ ಅನಿಸದಿದ್ದದ್ದು ಅವನಿಗೆ ಒಂದು ರೀತಿಯಲ್ಲಿ ಅವಮಾನವಾಗಿಯೇ ಕಂಡಿತು. ಬಿಸಿಲಿನಲ್ಲಿ ನಡೆಯುತ್ತ ಅವನು ಹೆಂಡತಿಗೆ ಹೇಳಬೇಕಾದ ಮಾತನ್ನು ಕೂಡಿಸಿದ. ನೀನೇನೂ ಮಾತಾಡಬೇಡ, ಎಲ್ಲಾ ನನ್ನ ಮೇಲೆ ಹಾಕ್ಕೊಂಡಿದ್ದೀನಿ. ಅವಳು ಅತ್ತಾಳು. ಇನ್ನು ಮೇಲೆ ಮಾಡಲ್ಲ ಅಂದಾಳು. ಆ ಅಳುವನ್ನು ನೆನೆದು ಅವನಿಗೆ ಎದೆ ತುಂಬಿ ಬಂತು, ತಾನು ಒಳ್ಳೆಯವನೆಂದು ಕೂಡ ಅನಿಸಿತು.

ಡಾಕ್ಟರಮ್ಮನ ಕ್ಲಿನಿಕ್ಕಿನ ಉದ್ದನೆಯ ಬೆಂಚಿನಲ್ಲಿ ಹೆಂಡತಿ ಆಗಲೇ ಬಂದು ಕೂತಿದ್ದಳು. ಮೇಡಂ ಬಸ್ ನಿಲ್ದಾಣದ ಆಫೀಸಿಗೇ ಫೋನು ಮಾಡಿ ಕರೆಸಿದ್ದರು. ಕತ್ತಿನಲ್ಲಿ ಇನ್ನೂ ಕೌಂಟರಿನ ಗುರುತಿನ ಚೀಟಿ ನೇತಾಡುತ್ತಿತ್ತು. ಹುಡುಗನನ್ನು ಗೋಡೆಯ ಕಡೆಗೆ ಕೂರಿಸಿ ತಾನು ಅಡ್ಡ ಕೂತಿದ್ದಳು. ಹುಡುಗ ಅವಳಿಗೆ ಏನೋ ಹೇಳಲು ಹೋಗುತ್ತಿದ್ದ, "ಅಮ್ಮ, ಕೇಳು ಇಲ್ಲಿ" ಅನ್ನುತ್ತಿದ್ದ; ಅವಳು "ನೀನು ಸುಮ್ನಿರು ಮಗನೆ, ಹೆದರಬೇಡ" ಎಂದು ಅವನ ಕೈ ಒತ್ತುತ್ತಿದ್ದಳು. ಕುರ್ಚಿಯವನು ಹತ್ತಿರ ಹೋದಾಗ ತಲೆಯೆತ್ತದೆ ಹೇಳಿದಳು:

"ಒಂದೇ ಮಾತು ಕೇಳಿದ್ದೆ ನಾನು."

"ನೋಡು..."

"ಮನೆಗೆ ಬರಬೇಡಿ. ನಿಮ್ಮ ಸಾಮಾನು ಯಾರ ಕೈಲಾದ್ರೂ ಕಳಿಸ್ತೀನಿ."

ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದುಕೊಂಡ ಅವನು, ಮೊದಲು. ಎದುರಿನ ಬೆಂಚಿನಲ್ಲಿ ಕೂತ. ಒಂದು ಮಗು ಅಳುತ್ತಿತ್ತು, ಅದರ ಅಜ್ಜಿ ಬೀಗದ ಕೈಗೊಂಚಲನ್ನು ಆಡಿಸುತ್ತಿದ್ದಳು. ಅವನು ಹೆಂಡತಿಯ ಕೈಗಳನ್ನು ನೋಡಿದ. ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದವು. ಅವಳು ಒಂದು ಸಲ ಅವನ ಕಡೆ ನೋಡಿದಳು. ಆ ನೋಟದಲ್ಲಿ ನಟನೆ ಇರಲಿಲ್ಲ. ಅದು ಹೆದರಿದವರ ನೋಟ, ಅವನು ಎದ್ದರೆ ಅವಳೂ ಏಳುವುದಕ್ಕೆ ತಯಾರಾಗಿ ಕೂತಿದ್ದಳು. ಇವಳು ಹೊಡೆದಿಲ್ಲ. ಇವಳು ಹೊಡೆದಿಲ್ಲವೆಂದರೆ ಮತ್ತೆ ಆ ಮನೆಯಲ್ಲಿ ಉಳಿದವರು ಯಾರು? ಅವನು ತನ್ನ ಬಲಗೈಯನ್ನು ನೋಡಿಕೊಂಡ. ಮೇಡಂ ಮುಂದೆ ಅದೆಲ್ಲ ಎಲ್ಲಿಂದ ಬಂತು, ಅಷ್ಟು ಸಲೀಸಾಗಿ, ಒಂದು ಕಡೆಯೂ ತಡವರಿಸದೆ? ಹೋದ ತಿಂಗಳು ಹುಡುಗ ಹೆಣಿಗೆಯನ್ನು ಮೆಟ್ಟಿ ಹಾಳುಮಾಡಿದಾಗ ತನ್ನ ತಲೆ ಸಿಡಿದು ಹೋಗುವಷ್ಟು ಸಿಟ್ಟು ಬಂದಿತ್ತು, ಅಂಗಳಕ್ಕೆ ಹೋಗಿ ನಿಂತಿದ್ದ. ಹೋಗಿ ನಿಂತಿದ್ದೆನೇ? ಅಂಗಳಕ್ಕೆ ಹೋದದ್ದು ನೆನಪಿತ್ತು, ಅದಕ್ಕೆ ಮುಂಚಿನದು ಇರಲಿಲ್ಲ. ಅಪ್ಪನೂ ಬೆಳಿಗ್ಗೆ ಎದ್ದು ಏನೂ ಆಗದವನ ಹಾಗೆ ಹಾಲು ಕಾಯಿಸಿ ಕೊಡುತ್ತಿದ್ದ, ಅವನ ಮುಖದಲ್ಲಿ ಒಂದು ಗೆರೆಯೂ ಇರುತ್ತಿರಲಿಲ್ಲ. ಅವನಿಗೂ ನೆನಪಿರುತ್ತಿರಲಿಲ್ಲವೋ ಏನೋ. ಹೀಗೆಯೇ ಇರಬೇಕು. ಮಾಡಿದವನಿಗೆ ಗೊತ್ತೇ ಆಗದ ಹಾಗೆ ಆಗುತ್ತಿರಬೇಕು. ಕುರ್ಚಿಯವನು ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಭಾರ ಹಾಕಿ ಕೂತ. ಭಯವೆಂದರೆ ಏನೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು, ಆದರೆ ಇದು ಅದಲ್ಲ. ಆಗ ಓಡಿಹೋಗುವುದಕ್ಕೆ ಕನಸಿನಲ್ಲಾದರೂ ಒಂದು ಜಾಗವಿತ್ತು.

ಒಳಗೆ ಕರೆದರು. ಡಾಕ್ಟರಮ್ಮ ನಡುವಯಸ್ಸಿನವರು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಿದ್ದರು. ಹುಡುಗನ ಅಂಗಿ ತೆಗೆಸಿ, ಬೆಳಕಿಗೆ ತಿರುಗಿಸಿ, ಗೆರೆಗಳ ಮೇಲೆ ಬೆರಳಾಡಿಸಿದರು. ಒಂದೊಂದರ ಮೇಲೂ ನಿಧಾನವಾಗಿ. ನೋಯುತ್ತಾ ಅಂದರು, ಇಲ್ಲ ಅಂದ ಹುಡುಗ. ತುರಿಸುತ್ತಾ, ಇಲ್ಲ. ಹುಳುಕಡ್ಡಿಗೆ ಅಂತ ಯಾವುದಾದರೂ ಮುಲಾಮು ಹಚ್ಚುತ್ತಿದ್ದೆಯಾ, ಸ್ನೇಹಿತರು ಮೈ ಬೆಳೆಸುವುದಕ್ಕೆ ಗುಳಿಗೆ ಪುಡಿ ಏನಾದರೂ ಕೊಟ್ಟಿದ್ದಾರಾ, ಒಮ್ಮೆಲೇ ದಪ್ಪ ಆಗಿ ಇಳಿದದ್ದುಂಟಾ, ಸುಸ್ತು, ತಲೆನೋವು. ಎಲ್ಲಕ್ಕೂ ಇಲ್ಲ. ರಕ್ತದೊತ್ತಡ ನೋಡಿದರು. ಮುಖ, ಹೊಟ್ಟೆ, ತೊಡೆ, ತೋಳು ಎಲ್ಲವನ್ನೂ ನೋಡಿದರು. ಆಮೇಲೆ ಗೋಡೆಯ ಮೇಲೆ ಚಿಕ್ಕ ಮಕ್ಕಳ ಎತ್ತರ ಅಳೆಯಲು ಬರೆದಿದ್ದ ಜಿರಾಫೆಯ ಪಕ್ಕ ನಿಲ್ಲಿಸಿದರು. ಹುಡುಗನ ತಲೆ ಜಿರಾಫೆಯ ಕಿವಿಗಿಂತ ಮೇಲಿತ್ತು.

"ಕಳೆದ ವರ್ಷ ಎಷ್ಟಿದ್ದ?"

"ನನ್ನ ಭುಜಕ್ಕೆ ಬರ್ತಿದ್ದ," ಅಂದಳು ತಾಯಿ. ಅಂದವಳು ಮಗನನ್ನು ತಲೆಯೆತ್ತಿ ನೋಡಿದಳು, ಈಗತಾನೇ ಕಂಡವಳ ಹಾಗೆ.

"ಮನೇಲಿ ಯಾರಾದ್ರೂ ಹೀಗೆ ಎತ್ತರ?"

"ಅವರಪ್ಪ." ಸ್ವಲ್ಪ ತಡೆದು, "ತೀರಿಕೊಂಡವರು."

"ಇದು ಹೊಡೆತ ಅಲ್ಲಮ್ಮ," ಅಂದರು ಡಾಕ್ಟರಮ್ಮ. "ಹೊಡೆದ್ರೆ ಚರ್ಮ ಉಬ್ಬುತ್ತೆ, ಹೆಪ್ಪುಗಟ್ಟುತ್ತೆ, ದಿನ ಕಳೆದ ಹಾಗೆ ಬಣ್ಣ ಬದಲಾಯಿಸುತ್ತೆ. ಇದು ಮುಟ್ಟಿ ನೋಡಿದ್ರೆ ಒಳಗೆ ತಗ್ಗಿದೆ. ಇವನ ಮೂಳೆ ಓಡ್ತಾ ಇದೆ, ಚರ್ಮಕ್ಕೆ ಅದರ ಜೊತೆ ಓಡೋಕಾಗಿಲ್ಲ, ಒಳಗಿನ ಪದರ ಬಿರುಕು ಬಿಟ್ಟಿದೆ. ಬಸುರಿ ಹೊಟ್ಟೆ ಮೇಲೆ ಬರಲ್ವಾ, ಅದೇ ಜಾತಿ. ಬೇರೆ ಕಾರಣಕ್ಕೂ ಬರಬಹುದು, ಅದಕ್ಕೇ ಅಷ್ಟೆಲ್ಲಾ ಕೇಳಿದ್ದು. ಅವು ಯಾವುದೂ ಇವನಲ್ಲಿ ಕಾಣ್ತಿಲ್ಲ. ಹೊಸದಾಗಿ ಬೇರೆ ಕಡೆ ಅಗಲವಾಗಿ ಬಂದ್ರೆ, ಮೈ ಊದಿಕೊಂಡ್ರೆ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಕೆಂಪು ಹೋಗಿ ಬೆಳ್ಳಗಾಗುತ್ತೆ. ಪೂರ್ತಿ ಮಾಯ ಆಗಲ್ಲ, ಆದ್ರೆ ಏನೂ ತೊಂದರೆ ಇಲ್ಲ." ಕನ್ನಡಕ ಸಿಕ್ಕಿತ್ತು, ಅದನ್ನು ಮೂಗಿಗೇರಿಸಿ ಕುರ್ಚಿಯವನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಹೊಡೆದೆ ಅಂತ ಒಪ್ಪಿಕೊಂಡಿದ್ದೀರಂತೆ? ಹುಡುಗನ ಮೈ ಮೇಲೆ ಎಲ್ಲೂ ಒಂದು ಏಟಿಲ್ಲ. ಎಲ್ಲಿಗೆ ಹೊಡೆದ್ರಿ?"

ಅವನ ಕಣ್ಣು ಹುಡುಗನ ಬೆನ್ನಿನ ಕಡೆ ಹೋಯಿತು. ಹೊರಗೆ ಬಾಗಿಲಲ್ಲಿದ್ದ ಪಿ.ಟಿ. ಮೇಷ್ಟ್ರು ಒಳಗೆ ಇಣುಕಿದರು. ಒಂದು ಸಣ್ಣ ಬೆಳಕಿನ ಹಾಗೆ ನೆಮ್ಮದಿ ಬಂದು ಹೋಯಿತು ಅವನಿಗೆ, ನಿಲ್ಲಲಿಲ್ಲ. ಬೆರಳಿನಿಂದ ಒಂದು ಸಲ ಮುಟ್ಟಿದ್ದರೆ ತಿಳಿಯುತ್ತಿತ್ತು. ಬೆತ್ತದ ಉಬ್ಬು ತಗ್ಗನ್ನು ಕಣ್ಣುಮುಚ್ಚಿ ಹೇಳುವ ಬೆರಳು ಅದು.

ಡಾಕ್ಟರಮ್ಮ ಬರೆದುಕೊಟ್ಟದ್ದನ್ನು ಮೇಷ್ಟ್ರು ಸ್ಕೂಲಿಗೆ ತೆಗೆದುಕೊಂಡು ಹೋದರು. ಹೋಗುವಾಗ ಕುರ್ಚಿಯವನ ಹತ್ತಿರ ನಿಂತು ಏನೋ ಹೇಳಹೊರಟು, ಏನು ಹೇಳಬೇಕೋ ತಿಳಿಯದೆ, "ಹುಷಾರು" ಎಂದು ಸ್ಕೂಟರು ಹತ್ತಿದರು. ಮೂವರೂ ಮನೆಯ ಕಡೆ ನಡೆದರು. ಹುಡುಗ ಮುಂದೆ, ಉದ್ದನೆಯ ಕಾಲುಗಳನ್ನು ಹೇಗೆ ಹಾಕಬೇಕೆಂದು ಇನ್ನೂ ಕಲಿಯುತ್ತಿರುವವನ ಹಾಗೆ. ಹೆಂಡತಿ ಗುರುತಿನ ಚೀಟಿಯನ್ನು ತೆಗೆದು ಚೀಲಕ್ಕೆ ಹಾಕಿದಳು. ತಿರುವಿಗೆ ಬಂದಾಗ ಕೇಳಿದಳು:

"ಹೊಡೆದೇ ಇಲ್ಲ ಅಂದ್ಮೇಲೆ ಯಾಕ್ರೀ ಹಾಗೆ ಹೇಳಿದ್ರಿ?"

ಅವಳು ನಡೆಯುತ್ತ ನಡೆಯುತ್ತ ನಿಧಾನವಾದಳು. ಕೊನೆಗೆ ನಿಂತೇಬಿಟ್ಟಳು.

"ನಾನು ಅಂದ್ಕೊಂಡ್ರಾ?"

ಅವನು ರಸ್ತೆ ನೋಡಿದ.

"ಅದು ಜಿರಳೆನೇರೀ," ಅಂದಳು. "ಕಪಾಟಿನ ಹಿಂದೆ ಹೋಗಿತ್ತು." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಮೇಡಂ ಫೋನಲ್ಲಿ ಹೇಳಿದಾಗ ನಾನು ಒಂದು ಸಲನೂ ಅನುಮಾನ ಪಡಲಿಲ್ಲ. ಹೌದು, ಇವತ್ತಲ್ಲ ನಾಳೆ ಇದು ಆಗೋದೇ ಇತ್ತು ಅಂದ್ಕೊಂಡೆ." ಅದನ್ನು ಕ್ಷಮೆ ಕೇಳುವ ಹಾಗೆ ಹೇಳಿದಳೋ, ಲೆಕ್ಕ ಸರಿಹೋಯಿತು ಎಂಬ ಹಾಗೆ ಹೇಳಿದಳೋ ಅವನಿಗೆ ತಿಳಿಯಲಿಲ್ಲ. ಇಬ್ಬರೂ ಮತ್ತೆ ನಡೆದರು, ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟು.

ಮನೆಗೆ ಬಂದ ಮೇಲೆ ಅವಳು ಅಡುಗೆಮನೆ ಸೇರಿದಳು. ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಕುರ್ಚಿಯವನು ಅಂಗಳದಲ್ಲಿ ಅರ್ಧಕ್ಕೆ ನಿಂತ ಸೀಟಿನ ಮುಂದೆ ಕೂತ. ಬೆತ್ತ ಒಣಗಿ ಬಿರುಸಾಗಿತ್ತು, ಮತ್ತೆ ನೆನೆಸಬೇಕಿತ್ತು, ಏಳಲಿಲ್ಲ. ಸಂಜೆಯ ಬೆಳಕು ಇನ್ನೂ ಇತ್ತು. ಪಕ್ಕದ ಮನೆಯವರು ರೇಡಿಯೋದಲ್ಲಿ ಹವಾಮಾನ ಕೇಳುತ್ತಿದ್ದರು. ಎಲ್ಲ ಮುಗಿಯಿತು, ಏನೂ ಆಗಿರಲಿಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಕೈ ಮಾತ್ರ ಮತ್ತೆ ತೊಡೆಯ ಕೆಳಗೆ ಸೇರಿತ್ತು.

ಹಿಂದೆ ಯಾರೋ ಕೆಮ್ಮಿದರು. ಹುಡುಗ ಒದ್ದೆ ಬೆತ್ತದ ಸುರುಳಿಯನ್ನು ಬಚ್ಚಲಿನಿಂದ ಹೊತ್ತು ತಂದಿದ್ದ. ಅದನ್ನು ಅವನ ಪಕ್ಕಕ್ಕೆ ಇಟ್ಟ. ಹೋಗಲಿಲ್ಲ. ನೀರು ತೊಟ್ಟಿಕ್ಕಿ ನೆಲದ ಮೇಲೆ ಹರಿದು ಕುರ್ಚಿಯವನ ಕಾಲ ಬೆರಳಿಗೆ ತಾಗಿತು.

"ಒಂದು ಕೇಳ್ಲಾ?" ಅಂದ ಹುಡುಗ.

"ಕೇಳು."

"ಅಂಗಿ ಎತ್ತಿ ಹಿಡ್ಕೋ ಅಂತ ನಿಮಗೆ ಯಾರು ಹೇಳ್ತಿದ್ರು?"

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಕುರ್ಚಿಯವನು ಸುರುಳಿಯಿಂದ ಒಂದು ಎಳೆಯನ್ನು ಬಿಡಿಸಿ ರಂಧ್ರಕ್ಕೆ ಪೋಣಿಸಲು ನೋಡಿದ. ಅದು ರಂಧ್ರದ ಪಕ್ಕಕ್ಕೆ ಹೋಯಿತು, ಮತ್ತೊಂದು ಸಲ ಹೋಯಿತು. ಹುಡುಗ ಕಾಯುತ್ತಿದ್ದ.

"ಯಾರೂ ಇಲ್ಲ," ಅಂದ ಅವನು.

ಹುಡುಗ ಅಲ್ಲೇ ನೆಲದ ಮೇಲೆ ಕೂತ.